ಮೂರು ಕಾಲಿನ ಬೂದಿ



ನಾವು ಗುಡ್ಡದ ಆಚೆ ಬದಿಯ ಊರಿನವರು. ನಮ್ಮೂರಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಎರಡೂವರೆ ತಾಸು. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಗದ್ದೆ, ನಾಲ್ಕು ದನ ಇವೆ. ನಿಮ್ಮ ಹಾಗೇ ನಾವೂ.

ಹೋದ ವಾರ ಇದೇ ಜಗಲಿಯಲ್ಲಿ ಅಡಿಕೆಯ ಕೊಳೆರೋಗದ ವಿಷಯ ಮಾತಾಡಿದರಂತೆ. ಈ ವಾರ ನಾವು ಒಂದು ಬೆಕ್ಕಿನ ವಿಷಯ ಹೇಳೋಕೆ ಬಂದಿದ್ದೇವೆ. ನಗಬೇಡಿ. ನಕ್ಕರೂ ಪರವಾಗಿಲ್ಲ, ಎದ್ದು ಹೋಗಬೇಡಿ. ಇಲ್ಲಿ ಕೂತವರಲ್ಲಿ ಬೆಕ್ಕಿಲ್ಲದ ಮನೆಯವರು ಎಷ್ಟು ಜನ? ನೋಡಿ, ಯಾರೂ ಕೈ ಎತ್ತಲಿಲ್ಲ.

ನಮ್ಮ ಮನೆಯ ಬೆಕ್ಕಿನ ಹೆಸರು ಬೂದಿ. ಮೈಬಣ್ಣವೂ ಬೂದಿಯದೇ. ಚಳಿಗಾಲದಲ್ಲಿ ಒಲೆ ಆರಿದ ಮೇಲೆ ಒಲೆಯೊಳಗೇ ಹೋಗಿ ಮಲಗುತ್ತಿತ್ತು. ಬೆಳಿಗ್ಗೆ ಬೆಂಕಿ ಹಾಕುವ ಮುಂಚೆ ನಮ್ಮತ್ತೆ ಕೈ ಆಡಿಸಿ ನೋಡುತ್ತಿದ್ದರು. ಬೂದಿ ಯಾವುದು, ಬೆಕ್ಕು ಯಾವುದು ಅಂತ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಆ ಹೆಸರು ಬಂತು.

2023ರ ಸೆಪ್ಟೆಂಬರ್ ತಿಂಗಳು. ಮಳೆ ಸ್ವಲ್ಪ ಬಿಟ್ಟಿತ್ತು. ತೋಟದಲ್ಲಿ ಹುಲ್ಲು ಸೊಂಟದ ತನಕ ಬೆಳೆದಿತ್ತು. ಮುಂಚೆ ಆದರೆ ಕತ್ತಿ ಹಿಡಿದು ಹತ್ತು ಜನ ಇಳಿಯುತ್ತಿದ್ದರು. ಈಗ ಆಳು ಎಲ್ಲಿ ಸಿಗುತ್ತಾರೆ? ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಮಿಷನ್ನು ಎಲ್ಲ ಮನೆಗೂ ಬಂದಿದೆ. ನಮ್ಮ ಮೈದುನ ಮಧ್ಯಾಹ್ನದಿಂದ ಹುಲ್ಲು ಹೊಡೆಯುತ್ತಿದ್ದ. ಆ ಮಿಷನ್ನಿನ ಸದ್ದು ನಿಮಗೆ ಗೊತ್ತಲ್ಲ. ಪಕ್ಕದಲ್ಲಿ ನಿಂತು ಕೂಗಿದರೂ ಕೇಳೋದಿಲ್ಲ.

ಬೆಕ್ಕು ಅಷ್ಟು ಸದ್ದಿಗೆ ಓಡಿಹೋಗಬೇಕು ಅಂತ ನಾವು ತಿಳಿದಿದ್ದೆವು. ಅದು ತಪ್ಪು. ಹೆದರಿದ ಬೆಕ್ಕು ಎಷ್ಟೋ ಸಲ ಓಡೋದಿಲ್ಲ. ಇದ್ದಲ್ಲೇ ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಬೂದಿ ಹಾಗೇ ಕೂತಿತ್ತು.

ನಾಲ್ಕು ಗಂಟೆ ಹೊತ್ತಿಗೆ ಮೈದುನ ಮನೆಗೆ ಬಂದ. ಮುಖ ಬಿಳಿಚಿಕೊಂಡಿತ್ತು. "ಅತ್ತಿಗೆ, ಬೂದಿಗೆ ಬ್ಲೇಡು ತಾಗಿತು" ಅಂದ. ಮುಂದೆ ಮಾತು ಬರಲಿಲ್ಲ. ಮಿಷನ್ನು ಹೆಗಲ ಮೇಲೇ ಇತ್ತು.

ತೋಟಕ್ಕೆ ಓಡಿದೆವು. ರಕ್ತ ಇತ್ತು, ಬೆಕ್ಕು ಇರಲಿಲ್ಲ. ಪೆಟ್ಟು ಬಿದ್ದ ಬೆಕ್ಕು ಮನುಷ್ಯರ ಹತ್ತಿರ ಬರೋದಿಲ್ಲ. ಕತ್ತಲೆ ಹುಡುಕಿಕೊಂಡು ಹೋಗಿ ಅಡಗುತ್ತದೆ. ಬೂದೀ, ಬೂದೀ ಅಂತ ಕರೆಯುತ್ತಾ ಬ್ಯಾಟರಿ ಹಿಡಿದು ಎಂಟು ಗಂಟೆ ತನಕ ಹುಡುಕಿದೆವು. ಕೊನೆಗೆ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಎರಡು ಕಣ್ಣು ಹೊಳೆದವು.

ಆ ರಾತ್ರಿ ನಾವು ಮಾಡಿದ ತಪ್ಪುಗಳನ್ನು ಮುಚ್ಚಿಡದೆ ಹೇಳ್ತೀವಿ. ಅದಕ್ಕೇ ಇಲ್ಲಿ ತನಕ ಬಂದಿದ್ದು.

ನಮ್ಮತ್ತೆ ಬರೀ ಕೈ ಹಾಕಿ ಬೆಕ್ಕನ್ನು ಎಳೆದರು. ಬೂದಿ ಅವರ ಹೆಬ್ಬೆರಳಿಗೆ ಕಚ್ಚಿಬಿಟ್ಟಿತು. ಆರು ವರ್ಷ ಅವರ ಮಡಿಲಲ್ಲೇ ಬೆಳೆದ ಬೆಕ್ಕು. ನೋವು ಬಂದಾಗ ಅದಕ್ಕೆ ಅತ್ತೆಯೂ ಒಂದೇ, ನಾಯಿಯೂ ಒಂದೇ. ಮೊದಲು ಒಂದು ಗೋಣಿಯನ್ನೋ ದಪ್ಪ ಟವೆಲನ್ನೋ ಮೇಲೆ ಹಾಕಿ, ಅದರಲ್ಲೇ ಸುತ್ತಿ ಎತ್ತಬೇಕಿತ್ತು.

ಕಚ್ಚಿದ ಜಾಗಕ್ಕೆ ಅತ್ತೆ ಎಲೆ ಅಡಿಕೆಯ ಸುಣ್ಣ ಹಚ್ಚಿಕೊಂಡರು. ಅದೂ ತಪ್ಪೇ. ಆಮೇಲೆ ಹೇಳ್ತೀವಿ.

ಎಡಗಡೆಯ ಹಿಂಗಾಲು ಮೊಣಕಾಲಿನ ಕೆಳಗೆ ನೇತಾಡುತ್ತಿತ್ತು. ಒಳಗಿನ ಮೂಳೆ ಕಾಣುತ್ತಿತ್ತು. ರಕ್ತ ನಿಲ್ಲಲಿ ಅಂತ ಕಾಫಿಪುಡಿ ಮೆತ್ತಿದೆವು. ಅದರ ಮೇಲೆ ಅರಿಸಿನ ಹಾಕಿದೆವು. ನಮ್ಮ ಕೈ ಕೊಯ್ದುಕೊಂಡರೆ ನಾವು ಹಾಗೇ ಅಲ್ಲವೇ ಮಾಡೋದು?

ಆಮೇಲೆ ಪಕ್ಕದ ಮನೆ ಚಿಕ್ಕಮ್ಮ ಬಂದರು. "ಪಾಪ, ಎಷ್ಟು ನೋವೋ ಏನೋ" ಅಂದರು. ಮನೆಯಲ್ಲಿ ಜ್ವರಕ್ಕೆ, ಮೈಕೈ ನೋವಿಗೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಇತ್ತು. ಅರ್ಧ ಮುರಿದು, ಪುಡಿ ಮಾಡಿ, ಹಾಲಿಗೆ ಹಾಕಿ ಬೆಕ್ಕಿನ ಮುಂದೆ ಇಟ್ಟೆವು. ಬೂದಿ ಮೂಸಿ ನೋಡಿ ಮುಖ ತಿರುಗಿಸಿತು. ಬಾಯಿ ಬಿಡಿಸಿ ಹಾಕೋಣ ಅಂತ ನಮ್ಮ ಯಜಮಾನರು ಹೇಳಿದರು. ಇನ್ನೊಮ್ಮೆ ಕಚ್ಚಿಸಿಕೊಳ್ಳೋಕೆ ಯಾರಿಗೂ ಧೈರ್ಯ ಇರಲಿಲ್ಲ. ಹಾಗೇ ಬಿಟ್ಟೆವು.

ರಾತ್ರಿ ಪಶು ಡಾಕ್ಟರಿಗೆ ಫೋನ್ ಮಾಡಲಿಲ್ಲ. ನಂಬರ್ ಇತ್ತು. ಹಸು ಕರು ಹಾಕುವಾಗ ಮಧ್ಯರಾತ್ರಿಯಲ್ಲೂ ಫೋನ್ ಮಾಡಿದವರು ನಾವು. ಆದರೆ ಬೆಕ್ಕಿಗಾಗಿ ಫೋನ್ ಮಾಡೋದಾ, ಏನಂದುಕೊಂಡಾರೋ ಅಂತ ನಾಚಿಕೆ ಆಯಿತು.

ಮೈದುನ ಊಟ ಮಾಡಲಿಲ್ಲ. ಮೊದಲೆಲ್ಲ ಬೂದಿಯನ್ನು "ಹಾಲು ಕದಿಯೋ ಕಳ್ಳಿ" ಅಂತ ಬೈಯುತ್ತಿದ್ದವನು ಅವನೇ. ಆ ರಾತ್ರಿ ಬೆಕ್ಕಿನ ಪಕ್ಕ ಗೋಣಿ ಹಾಸಿಕೊಂಡು ಕೂತ. ಕಿವಿ, ಪಾದ ಎಲ್ಲ ತಣ್ಣಗಾಗುತ್ತಿದೆ ಅಂತ ಗೊತ್ತಾದಾಗ, ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಅದರ ಮಗ್ಗುಲಿಗೆ ಇಟ್ಟ. ನಾವೆಲ್ಲ ಸೇರಿ ಆ ರಾತ್ರಿ ಮಾಡಿದ ಸರಿಯಾದ ಕೆಲಸ ಅಂದರೆ ಅದೊಂದೇ. ಯಾರೂ ಹೇಳಿಕೊಡದೆ ಅವನಿಗೆ ಹೊಳೆದಿದ್ದು.

ಬೆಳಿಗ್ಗೆ ಹೆಡಿಗೆಯಲ್ಲಿ ಬಟ್ಟೆ ಹಾಸಿ ಬೂದಿಯನ್ನು ಮಲಗಿಸಿದೆವು. ಮೇಲೆ ಇನ್ನೊಂದು ಬುಟ್ಟಿ ಕವುಚಿ ಹಗ್ಗ ಕಟ್ಟಿದೆವು. ಜೀಪಿನಲ್ಲಿ ತಾಲ್ಲೂಕಿನ ಪಶು ಆಸ್ಪತ್ರೆಗೆ ಹೋದೆವು. ಹಸು, ಎಮ್ಮೆ ಎದ್ದೇಳಲಾರದೆ ಮಲಗಿದ್ದರೆ 1962 ಅನ್ನೋ ನಂಬರಿಗೆ ಫೋನ್ ಮಾಡಬಹುದು. ಸಂಚಾರಿ ಪಶು ಚಿಕಿತ್ಸೆಯ ಗಾಡಿಗೆ ಆ ನಂಬರು. ಬೆಕ್ಕಾದರೆ ಬುಟ್ಟಿಯಲ್ಲಿ ಒಯ್ಯೋಕೆ ಬರುತ್ತದೆ.

ಡಾಕ್ಟರು ಮೊದಲು ಕಾಲು ನೋಡಲಿಲ್ಲ. ಬೆಕ್ಕಿನ ತುಟಿ ಎತ್ತಿ ಒಸಡು ನೋಡಿದರು. ಒಸಡಿನ ಮೇಲೆ ಬೆರಳು ಒತ್ತಿ ಬಿಟ್ಟರು. ಆರೋಗ್ಯ ಇದ್ದರೆ ಒಸಡು ತಿಳಿ ಗುಲಾಬಿ ಇರಬೇಕಂತೆ. ಒತ್ತಿದ ಜಾಗ ಬಿಳಿಯಾಗಿ ತಕ್ಷಣ ಮತ್ತೆ ಕೆಂಪಾಗಬೇಕಂತೆ. ಬೂದಿಯ ಒಸಡು ಪೇಲವವಾಗಿತ್ತು.

"ಏನಾದರೂ ಔಷಧಿ ಕೊಟ್ಟಿದ್ದೀರಾ?" ಅಂತ ಕೇಳಿದರು.

ಮಾತ್ರೆಯ ವಿಷಯ ಹೇಳಿದೆವು. ಅವರ ಕೈ ಹಾಗೇ ನಿಂತಿತು.

"ಕುಡಿಯಿತಾ?"

"ಇಲ್ಲ ಸಾರ್, ಮೂಸಿ ಬಿಟ್ಟಿತು."

"ಬದುಕಿತು" ಅಂದರು. ಕುರ್ಚಿಯಲ್ಲಿ ಕೂತುಕೊಂಡರು. ಆಮೇಲೆ ನಮಗೆ ಬಿಡಿಸಿ ಹೇಳಿದರು. ಇದನ್ನು ಮಾತ್ರ ಗಮನ ಇಟ್ಟು ಕೇಳಿ.

ಪ್ಯಾರಾಸಿಟಮಾಲ್ ಮಾತ್ರೆ ನಮ್ಮ ಹೊಟ್ಟೆಗೆ ಹೋದರೆ, ನಮ್ಮ ಲಿವರ್ ಅಂದರೆ ಪಿತ್ತಜನಕಾಂಗ ಅದನ್ನು ಒಡೆದು ಹೊರಗೆ ಕಳಿಸುತ್ತದೆ. ಆ ಕೆಲಸಕ್ಕೆ ಬೇಕಾದ ರಸ ಬೆಕ್ಕಿನ ಲಿವರಿನಲ್ಲಿ ಬಹಳ ಕಡಿಮೆ. ಹಾಗಾಗಿ ಮಾತ್ರೆ ಅದರ ಮೈಯಲ್ಲಿ ವಿಷವಾಗುತ್ತದೆ. ರಕ್ತ ಕಂದು ಬಣ್ಣಕ್ಕೆ ತಿರುಗುತ್ತದೆ. ಆ ರಕ್ತಕ್ಕೆ ಪ್ರಾಣವಾಯು ಹೊರುವ ಶಕ್ತಿ ಇರೋದಿಲ್ಲ. ಒಸಡು ಕಂದಾಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರಾಟ ಕಷ್ಟವಾಗುತ್ತದೆ. ನಮಗೆ ಏನೂ ಮಾಡದ ಒಂದೇ ಒಂದು 500 ಮಿಲಿಗ್ರಾಂ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅರ್ಧವೂ ಅಪಾಯವೇ. ನಾವು ನುಂಗುವ ಬೇರೆ ನೋವಿನ ಮಾತ್ರೆಗಳನ್ನೂ ಕೇಳದೆ ಕೊಡಬಾರದು.

ನಾವು ಪ್ರೀತಿಯಿಂದ ಇಟ್ಟ ಹಾಲು ಅದು. ಬ್ಲೇಡು ಕಾಲು ಕತ್ತರಿಸಿತ್ತು, ಅಷ್ಟೇ. ಹಾಲು ಜೀವವನ್ನೇ ತೆಗೆಯುತ್ತಿತ್ತು.

ಕಾಫಿಪುಡಿ ತೊಳೆಯೋಕೆ ಡಾಕ್ಟರಿಗೆ ಅರ್ಧ ತಾಸು ಹಿಡಿಯಿತು. ಒಂದೊಂದು ಕಾಳೂ ಮಾಂಸಕ್ಕೆ ಅಂಟಿತ್ತು. ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕುವ ಪ್ರಾಣಿ. ಅದರ ಮೈಗೆ ಏನು ಹಚ್ಚಿದರೂ ಹೊಟ್ಟೆಗೆ ಹಾಕಿದ ಲೆಕ್ಕವೇ. ಆದ್ದರಿಂದ ಸೀಮೆಎಣ್ಣೆ, ಫಿನಾಯಿಲ್, ನೀರಿಗೆ ಹಾಕಿದರೆ ಬೆಳ್ಳಗಾಗುವ ನಂಜಿನ ಔಷಧಿ, ಹುಳ ಬಿದ್ದ ಗಾಯಕ್ಕೆ ಅಂತ ಪುಡಿ ಮಾಡಿ ಹಾಕುವ ನುಸಿಗುಳಿಗೆ, ಇವು ಯಾವುವೂ ಬೆಕ್ಕಿಗೆ ಬೇಡ. ಮತ್ತೆ ಏನು ಮಾಡಬೇಕು? ಒಗೆದ ಬಟ್ಟೆಯನ್ನು ಗಾಯದ ಮೇಲೆ ಇಟ್ಟು ಐದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಬಾರದು. ದಾರ ಬಿಗಿದು ಕಟ್ಟಬಾರದು. ಗಾಯ ಚಿಕ್ಕದಾಗಿದ್ದು ಮಣ್ಣು ಹಿಡಿದಿದ್ದರೆ, ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ, ಅದರಿಂದ ತೊಳೆಯಬಹುದು. ಅಷ್ಟು ಮಾಡಿ ಡಾಕ್ಟರ ಹತ್ತಿರ ಒಯ್ಯಬೇಕು. ಮಳೆಗಾಲದಲ್ಲಿ ತಡ ಮಾಡಲೇಬಾರದು. ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತದೆ.

ಡಾಕ್ಟರು ಅತ್ತೆಯ ಹೆಬ್ಬೆರಳು ನೋಡಿದರು. "ಅಮ್ಮ, ಇದು ಯಾವಾಗ ಆಯಿತು? ಮೊದಲು ಮನುಷ್ಯರ ಆಸ್ಪತ್ರೆಗೆ ಹೋಗಿ" ಅಂತ ಗದರಿದರು.

ರೇಬಿಸ್ ಅಂದರೆ ಹುಚ್ಚುನಾಯಿ ರೋಗ. ಅದು ನಾಯಿಯಿಂದ ಮಾತ್ರ ಬರುತ್ತದೆ ಅಂತ ನಾವು ನಂಬಿದ್ದೆವು. ಬೆಕ್ಕಿನಿಂದಲೂ ಬರಬಹುದು. ರೋಗ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯೋದಿಲ್ಲ ಅಂತಲೇ ಹೇಳಬೇಕು. ಅದಕ್ಕೇ ಕಚ್ಚಿದ ತಕ್ಷಣ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಆಮೇಲೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಗಾಯ ಆಳವಾಗಿದ್ದರೆ ಗಾಯದ ಸುತ್ತ ಇನ್ನೊಂದು ಔಷಧಿಯನ್ನೂ ಚುಚ್ಚುತ್ತಾರೆ.

ಅತ್ತೆ ಹೋಗೋದಿಲ್ಲ ಅಂತ ಹಟ ಹಿಡಿದರು. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಕೊಡ್ತಾರೆ ಅಂತ ಭಯ. ಆ ಕಾಲ ಹೋಯಿತು. 2005ರ ಹೊತ್ತಿಗೇ ನಮ್ಮ ದೇಶದಲ್ಲಿ ಆ ಹಳೆಯ ಲಸಿಕೆಯನ್ನು ನಿಲ್ಲಿಸಿದ್ದಾರೆ. ಈಗ ಕೊಡೋದು ತೋಳಿಗೆ. ಮೊದಲ ದಿನ ಒಂದು ಸಲ, ಅಲ್ಲಿಂದ ಎಣಿಸಿ 3ನೇ ದಿನ, 7ನೇ ದಿನ, 28ನೇ ದಿನ. ನಾಲ್ಕು ಸಲವೂ ಅತ್ತೆಯನ್ನು ಮೈದುನನೇ ಬೈಕಿನಲ್ಲಿ ಕರೆದುಕೊಂಡು ಹೋದ. "ಬೆಕ್ಕಿನ ದೆಸೆಯಿಂದ ಪೇಟೆ ನೋಡಿದ ಹಾಗಾಯಿತು" ಅಂತ ಅತ್ತೆ ಕೊನೆಗೆ ನಕ್ಕರು.

ಈಗ ಮತ್ತೆ ಬೂದಿಯ ವಿಷಯಕ್ಕೆ ಬರ್ತೀವಿ. ತಾಲ್ಲೂಕಿನ ಡಾಕ್ಟರು ನೋವಿಗೆ, ನಂಜಿಗೆ ಇಂಜೆಕ್ಷನ್ ಕೊಟ್ಟರು. ಮೂಳೆ ಚೂರಾಗಿದೆ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯಿರಿ ಅಂತ ಚೀಟಿ ಬರೆದುಕೊಟ್ಟರು.

ಶಿವಮೊಗ್ಗದಲ್ಲಿ ಎಕ್ಸ್‌ರೇ ತೆಗೆದರು. ಕಾಲು ಉಳಿಯೋದಿಲ್ಲ ಅಂದರು. ಅದೂ ಗಾಯ ಆದಲ್ಲಿಗೆ ಅಲ್ಲ, ಮೇಲೆ ತೊಡೆಯ ಹತ್ತಿರ ತೆಗೆಯಬೇಕು. ಮೋಟು ಉದ್ದ ಉಳಿದರೆ ಬೆಕ್ಕು ಅದನ್ನೂ ನೆಲಕ್ಕೆ ಊರೋಕೆ ನೋಡುತ್ತದೆ. ಉಜ್ಜಿ ಉಜ್ಜಿ ಹುಣ್ಣಾಗುತ್ತದೆ.

ಮೈದುನ ಹೊರಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ. ನಾವು ಡಾಕ್ಟರಿಗೆ ಹೇಳಿದೆವು: "ಮೂರು ಕಾಲಿನಲ್ಲಿ ಅದು ಏನು ಬಾಳು ಬಾಳುತ್ತದೆ? ಒಂದು ಇಂಜೆಕ್ಷನ್ ಕೊಟ್ಟು ನೋವಿಲ್ಲದ ಹಾಗೆ ಕಳಿಸಿಬಿಡಿ."

ಆ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಅವರು ಹೇಳಿದರು: "ಕಾಲು ಹೋಯಿತು ಅಂತ ಬೆಕ್ಕಿಗೆ ನಾಚಿಕೆ ಆಗೋದಿಲ್ಲ ಅಮ್ಮ. ನೋವು ಹೋದರೆ ಅದಕ್ಕೆ ಸಾಕು. ಮೂರು ಕಾಲಿನ ಬೆಕ್ಕು ಓಡುತ್ತದೆ, ಹತ್ತುತ್ತದೆ. ನಿಮಗೆ ನೋಡೋಕೆ ಆಗುತ್ತದಾ, ಅದನ್ನು ಹೇಳಿ."

ನಮ್ಮತ್ತೆ ಬೇರೆ ದಾರಿಯಿಂದ ಯೋಚನೆ ಮಾಡಿದ್ದರು. ಬೆಕ್ಕು ಸತ್ತರೆ ಕೊಂದವರಿಗೆ ಪಾಪ, ಚಿನ್ನದ ಬೆಕ್ಕು ಮಾಡಿಸಿ ದಾನ ಕೊಡಬೇಕು ಅಂತ ಹಿಂದಿನವರು ಹೇಳ್ತಾರಲ್ಲ. ಮಗನ ತಲೆಗೆ ಆ ಪಾಪ ಬರಬಾರದು ಅಂತ ಅವರ ಚಿಂತೆ. ನಮಗೆ ಅದರಲ್ಲಿ ನಂಬಿಕೆ ಇಲ್ಲ. ಆದರೂ ಈಗಿನ ಚಿನ್ನದ ರೇಟು ನೋಡಿದರೆ ಇರುವ ಬೆಕ್ಕನ್ನು ಬದುಕಿಸೋದೇ ಅಗ್ಗ. "ಮಾಡಿ" ಅಂದೆವು. ಚಿಕಿತ್ಸೆಯ ಖರ್ಚಿಗಿಂತ ಜೀಪಿನ ಬಾಡಿಗೆಯೇ ಜಾಸ್ತಿ ಆಯಿತು.

ಆಪರೇಷನ್ ಮುಗಿಯಿತು. ಕಷ್ಟ ಶುರುವಾಗಿದ್ದು ಮನೆಗೆ ಬಂದ ಮೇಲೆ.

ಹೊಲಿಗೆ ಬಿಚ್ಚುವ ತನಕ ಬೆಕ್ಕನ್ನು ಕೂಡಿಹಾಕಬೇಕು, ಹಾರೋಕೆ, ಹತ್ತೋಕೆ ಬಿಡಬಾರದು ಅಂತ ಹೇಳಿದ್ದರು. ಮೈದುನ ಹಳೆಯ ಕೋಳಿಗೂಡು ತೊಳೆದು, ಬಿಸಿಲಿಗೆ ಒಣಗಿಸಿ, ತಂತಿಬಲೆ ಹೊಡೆದು ಜಗಲಿಯಲ್ಲಿ ಇಟ್ಟ. ಒಳಗೆ ಗೋಣಿ, ಅದರ ಮೇಲೆ ಅತ್ತೆಯ ಹಳೆ ಸೀರೆ. ಹೊಲಿಗೆ ನೆಕ್ಕಬಾರದು ಅಂತ ಕುತ್ತಿಗೆಗೆ ಒಂದು ಪಟ್ಟಿ ಹಾಕಿದ್ದರು. ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಲಾಳಿಕೆಯ ಹಾಗೆ ಸುತ್ತಿದ್ದು. ಬೆಕ್ಕಿನ ನಾಲಿಗೆ ತುರಿಮಣೆಯ ಹಾಗೆ ತರಿತರಿ ಇರುತ್ತದೆ, ಹೊಲಿಗೆಯನ್ನೇ ಕಿತ್ತುಬಿಡುತ್ತದೆ. ಆ ಪಟ್ಟಿಯಲ್ಲಿ ಯಾರದೋ ಪಕ್ಕೆಲುಬಿನ ಚಿತ್ರ ಇತ್ತು. ನಮ್ಮ ಮಗಳು ದಿನಾ ಅದನ್ನು ಎಣಿಸುತ್ತಿದ್ದಳು.

ಬೂದಿಗೆ ಬೂದಿಯೇ ಇಲ್ಲ ಅನ್ನುವ ಹಾಗಾಯಿತು. ಬೂದಿ, ಮರಳು ಎರಡೂ ಹೊಲಿಗೆಗೆ ಅಂಟುತ್ತವೆ, ಬೇಡ ಅಂದಿದ್ದರು. ಒಂದಕ್ಕೆ ಎರಡಕ್ಕೆ ಅಂತ ತಟ್ಟೆಯಲ್ಲಿ ಹರಿದ ಪೇಪರು ಹಾಕಿ ಇಟ್ಟೆವು. ಮೊದಲ ದಿನ ಅದರ ಮೇಲೆ ಕೂರೋಕೆ ಹೋಗಿ ಮಗ್ಗುಲಿಗೆ ಬಿತ್ತು. ಮೈದುನ ಎದ್ದು ತೋಟಕ್ಕೆ ಹೋದ.

ಎರಡು ದಿನ ಏನೂ ತಿನ್ನಲಿಲ್ಲ. ಇದು ಸಣ್ಣ ವಿಷಯ ಅಲ್ಲ. ನಾವು ಎರಡು ದಿನ ಉಪವಾಸ ಇದ್ದರೆ ಹಸಿವು ಅಷ್ಟೇ. ಬೆಕ್ಕು ಎರಡು ಮೂರು ದಿನ ತಿನ್ನದೆ ಇದ್ದರೆ ಮೈಯ ಕೊಬ್ಬು ಲಿವರಿಗೆ ಬಂದು ತುಂಬುತ್ತದೆ, ಅದರಿಂದಲೇ ಸಾಯಬಹುದು. ಡಾಕ್ಟರಿಗೆ ಫೋನ್ ಮಾಡಿದೆವು. ಈ ಸಲ ನಾಚಿಕೆ ಪಡಲಿಲ್ಲ. "ಬೆಕ್ಕಿಗೆ ವಾಸನೆ ಬೇಕು. ತಣ್ಣಗಿನ ಅನ್ನ ಇಟ್ಟರೆ ತಿನ್ನೋದಿಲ್ಲ. ಉಗುರು ಬೆಚ್ಚಗೆ ಮಾಡಿ, ಮೀನು ಕೊಡಿ. ನಾಳೆಯೂ ತಿನ್ನದಿದ್ದರೆ ಕರೆದುಕೊಂಡು ಬನ್ನಿ" ಅಂದರು. ಹಾಲು ಜಾಸ್ತಿ ಬೇಡ ಅಂತಲೂ ಹೇಳಿದರು. ಬೆಳೆದ ಬೆಕ್ಕುಗಳಿಗೆ ಎಷ್ಟೋ ಸಲ ಹಾಲು ಜೀರ್ಣ ಆಗೋದಿಲ್ಲ, ಭೇದಿ ಆಗುತ್ತದೆ. ಬೆಕ್ಕು ಅಂದರೆ ಹಾಲು ಅಂತ ನಾವೆಲ್ಲ ಕಲಿತಿದ್ದೇವೆ, ನೋಡಿ.

ಮೂರನೇ ದಿನ ಅತ್ತೆ ಬಂಗಡೆ ಮೀನು ಬೇಯಿಸಿ, ಮುಳ್ಳು ತೆಗೆದು, ಬೆರಳ ತುದಿಯಲ್ಲಿ ಹಿಡಿದು ಪಟ್ಟಿಯೊಳಗೆ ಕೈ ಹಾಕಿದರು. ಕಚ್ಚಿಸಿಕೊಂಡ ಅದೇ ಕೈ. ಬೂದಿ ಮೂಸಿತು. ನೆಕ್ಕಿತು. ಆಮೇಲೆ ಒಂದು ಚೂರು ತಿಂದಿತು. ಅತ್ತೆ ಜಗಲಿಯಿಂದಲೇ ಕೂಗಿದರು: "ತಿಂತೋ ಮಗಾ! ಇನ್ನು ನೀನೂ ಉಣ್ಣು."

ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲಿ "ತಿಂದಿತು" ಅಂತ ಬರೆದಳು. ಅಲ್ಲಿಂದ ದಿನಾ ಬರೆದೆವು. ಮಾತ್ರೆ ಕೊಟ್ಟ ಹೊತ್ತು, ತಿಂದಿದ್ದು, ಮಲ ಮೂತ್ರ, ಹೊಲಿಗೆಯಲ್ಲಿ ಕೀವು ಉಂಟೋ ಇಲ್ಲವೋ. ಐದು ಜನ ಇರುವ ಮನೆಯಲ್ಲಿ ಒಬ್ಬರು ಕೊಟ್ಟ ಮಾತ್ರೆಯನ್ನು ಇನ್ನೊಬ್ಬರು ಮತ್ತೆ ಕೊಡೋದು ಸುಲಭ. ಬರೆದಿದ್ದರಿಂದ ಹಾಗಾಗಲಿಲ್ಲ.

12ನೇ ದಿನ ಹೊಲಿಗೆ ಬಿಚ್ಚಿದರು. ಮನೆಗೆ ತಂದು ಗೂಡಿನ ಬಾಗಿಲು ತೆಗೆದೆವು. ಬೂದಿ ಹೊರಗೆ ಬಂತು. ನಾಲ್ಕು ಹೆಜ್ಜೆ ಇಟ್ಟು ಬಿತ್ತು. ಎದ್ದಿತು. ಮತ್ತೆ ಬಿತ್ತು. ಎತ್ತೋಕೆ ಹೋದ ಮಗಳನ್ನು ಮೈದುನ ತಡೆದ. ಮೂರನೇ ಸಲ ಎದ್ದಾಗ ಉಳಿದ ಹಿಂಗಾಲನ್ನು ಹೊಟ್ಟೆಯ ನಡುವಿಗೆ ತಂದುಕೊಂಡಿತು. ಬಾಲ ಆ ಕಡೆ ಈ ಕಡೆ ಆಡಿಸಿ ತೂಕ ಸರಿಮಾಡಿಕೊಂಡಿತು. ಆಮೇಲೆ ಕುಪ್ಪಳಿಸುತ್ತಾ ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕೂತಿತು. ಯಾರನ್ನೂ ತಿರುಗಿ ನೋಡಲಿಲ್ಲ.

ದೀಪಾವಳಿ ಹೊತ್ತಿಗೆ ಅಟ್ಟ ಹತ್ತಿತು. ಇಳಿಯೋದು ಮಾತ್ರ ಕಷ್ಟ, ಅದಕ್ಕೆ ಮೈದುನ ಒಂದು ಹಲಗೆ ಇಳಿಜಾರಾಗಿ ಕಟ್ಟಿದ್ದಾನೆ. ಇಲಿ ಹಿಡಿಯುತ್ತದಾ ಅಂತ ಎಲ್ಲರೂ ಕೇಳ್ತಾರೆ. ಸುಳ್ಳು ಹೇಳೋದಿಲ್ಲ, ಮೊದಲಿನಷ್ಟು ಹಿಡಿಯೋದಿಲ್ಲ. ಈ ಸಲ ಭತ್ತದ ಚೀಲ ಎರಡು ಕಡೆ ತೂತಾಗಿದೆ. ಹೋದ ತಿಂಗಳು ಒಬ್ಬರು ಮನೆಗೆ ಬಂದಿದ್ದರು. "ಇಲಿ ಹಿಡಿಯದ ಬೆಕ್ಕನ್ನು ಯಾಕೆ ಸಾಕ್ತೀರಿ?" ಅಂದರು. ನಮ್ಮತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ನಾನೂ ಈಗ ನೆಟ್ಟಿಗೆ ಹೋಗೋದಿಲ್ಲ ಕಣಪ್ಪ. ನನ್ನನ್ನೂ ಹೊರಗೆ ಹಾಕಿಸ್ತೀಯಾ?" ಅಂತ ಕೇಳಿದರು. ಅವರು ಕಾಫಿ ಕುಡಿದು ಹೋದರು.

ಮೈದುನ ಈಗಲೂ ಹುಲ್ಲು ಹೊಡೆಯುತ್ತಾನೆ. ಮಿಷನ್ನು ಶುರು ಮಾಡುವ ಮುಂಚೆ ಒಂದು ಕೋಲು ಹಿಡಿದು ಅಷ್ಟು ಜಾಗವನ್ನೂ ನಡೆದು ಬರುತ್ತಾನೆ. ಹುಲ್ಲಿಗೆ ಬಡಿದು, ಬಗ್ಗಿ ನೋಡಿ, ಆಮೇಲೆ ಹಗ್ಗ ಎಳೆಯುತ್ತಾನೆ. ಹಾಗೆ ನೋಡುವಾಗ ಒಂದು ಸಲ ಮೊಲ ಎದ್ದು ಓಡಿತು, ಒಂದು ಸಲ ಹಕ್ಕಿಯ ಮೊಟ್ಟೆ ಸಿಕ್ಕಿತು. ಕಾಲು ತಾಸು ಜಾಸ್ತಿ ಹಿಡಿಯುತ್ತದೆ. ಬೂದಿಯನ್ನು ಆ ದಿನ ಮನೆಯೊಳಗೆ ಕೂಡಿ ಬಾಗಿಲು ಹಾಕ್ತೀವಿ.

ಇನ್ನೊಂದು ಹೇಳಿ ಮುಗಿಸ್ತೀವಿ. ಬೆಕ್ಕು ಕಿವಿ ತುರಿಸಿಕೊಳ್ಳೋದು ಹಿಂಗಾಲಿನಿಂದ. ಬಲಗಿವಿಗೆ ಬಲಗಾಲು, ಎಡಗಿವಿಗೆ ಎಡಗಾಲು. ಬೂದಿಗೆ ಎಡಗಿವಿ ತುರಿಸಿದರೆ ತಲೆ ಓರೆ ಮಾಡಿ ಕೂರುತ್ತದೆ. ಇಲ್ಲದ ಕಾಲಿನ ಬುಡ ಚರ್ಮದ ಒಳಗೇ ಪಟಪಟ ಆಡುತ್ತದೆ. ಕಿವಿಗೆ ಏನೂ ಮುಟ್ಟೋದಿಲ್ಲ. ಅದಕ್ಕೆ ಗೊತ್ತಾಗೋದಿಲ್ಲ, ಇನ್ನೂ ಜೋರಾಗಿ ಆಡಿಸುತ್ತದೆ.

ಸಂಜೆ ಕಾಫಿ ಕುಡಿಯುವಾಗ ಮೈದುನನ ಪಕ್ಕಕ್ಕೇ ಬಂದು ಕೂರೋದು. ಅವನು ಲೋಟ ಬಲಗೈಗೆ ಬದಲಿಸಿಕೊಂಡು, ಎಡಗೈಯಿಂದ ಅದರ ಕಿವಿ ತುರಿಸುತ್ತಾ ಕಾಫಿ ಕುಡಿಯುತ್ತಾನೆ.